ಡೆಕ್‌ಬಿಲ್ಡಿಂಗ್ ಆಟಗಳಲ್ಲಿ ದುಬಾರಿ ಕಾರ್ಡು

ಡೆಕ್‌ಬಿಲ್ಡಿಂಗ್ ಆಟವೆಂದರೆ ಆಡುವವರು ತಮ್ಮ ಕಾರ್ಡುಗಳ ಕಟ್ಟನ್ನು ಆಟ ನಡೆಯುತ್ತಿರುವಾಗಲೇ ಒಂದೊಂದಾಗಿ ಕೊಂಡು ಬೆಳೆಸಿಕೊಳ್ಳುವ ಆಟ. ಇಸ್ಪೀಟಿನಲ್ಲಿ 52 ಎಲೆಗಳ ಕಟ್ಟು ಎಲ್ಲರಿಗೂ ಸೇರಿದ್ದು. ಇಲ್ಲಿ ಪ್ರತಿಯೊಬ್ಬರಿಗೂ ಬೇರೆ ಕಟ್ಟು; ಶುರುವಿನಲ್ಲಿ ಎಲ್ಲರದ್ದೂ ಒಂದೇ ಥರ, ಸಣ್ಣದು, ಸತ್ವವಿಲ್ಲದ್ದು. ಕೈಗೆ ಬಂದ ಕಾರ್ಡುಗಳಿಂದ ಹುಟ್ಟುವ ಹಣದಲ್ಲಿ ಮೇಜಿನ ಮೇಲಿರುವ ಹೊಸ ಕಾರ್ಡು ಕೊಳ್ಳಬೇಕು. ಕೊಂಡದ್ದು ಸಾಮಾನ್ಯವಾಗಿ ತಕ್ಷಣ ಕೈಗೆ ಬರುವುದಿಲ್ಲ, ಆಡಿ ಮುಗಿದ ಕಾರ್ಡುಗಳ ರಾಶಿಗೆ ಸೇರುತ್ತದೆ. ಕಟ್ಟು ಖಾಲಿಯಾದಾಗ ಆ ರಾಶಿಯನ್ನು ಕಲಸಿ ಮತ್ತೆ ಕಟ್ಟು ಮಾಡುತ್ತಾರೆ. ಪ್ರತಿ ಕಾರ್ಡಿನ ಮೇಲೂ ಬೆಲೆ ಅಚ್ಚಾಗಿರುತ್ತದೆ. ಈ ಬೆಲೆಗಳ ಮೇಲ್ತುದಿಯಲ್ಲಿರುವ ದುಬಾರಿ ಕಾರ್ಡುಗಳು ಆಟದ ತಂತ್ರವನ್ನು ರೂಪಿಸುವ ಬಗೆಯೇ ಈ ಲೇಖನದ ವಿಷಯ. ದುಬಾರಿ ಕಾರ್ಡಿನ ಪರಿಣಾಮ ಅದನ್ನು ಕೊಂಡವರಿಗೆ ಮಾತ್ರ ಎಂದುಕೊಳ್ಳುವುದು ಸಹಜ. ಆದರೆ ಇನ್ನೂ ಯಾರೂ ಕೊಳ್ಳದಿದ್ದರೂ, ಅದು ಮೇಜಿನ ಮೇಲಿದೆ ಎಂಬ ಒಂದೇ ಕಾರಣಕ್ಕೆ ಅಗ್ಗದ ಕಾರ್ಡುಗಳ ಯೋಗ್ಯತೆ ಏರುಪೇರಾಗುತ್ತದೆ.

ಈ ಪ್ರಕಾರಕ್ಕೆ ನೆಲೆ ಒದಗಿಸಿದ ಆಟ ಡೊಮಿನಿಯನ್. ಅಮೆರಿಕದ ಡೊನಾಲ್ಡ್ ಎಕ್ಸ್. ವ್ಯಾಕರಿನೊ ರೂಪಿಸಿದ ಇದನ್ನು ರಿಯೊ ಗ್ರಾಂಡೆ ಗೇಮ್ಸ್ 2008ರಲ್ಲಿ ಪ್ರಕಟಿಸಿತು. ಮರುವರ್ಷವೇ ಜರ್ಮನಿಯ ಸ್ಪೀಲ್ ಡೆಸ್ ಯಾರೆಸ್ ಪ್ರಶಸ್ತಿ ಅದಕ್ಕೆ ಸಂದಿತು. ಅದಕ್ಕೆ ಮೊದಲು ರಿಚರ್ಡ್ ಗಾರ್ಫೀಲ್ಡ್ ಅವರ ಮ್ಯಾಜಿಕ್: ದ ಗ್ಯಾದರಿಂಗ್ (1993) ಆಡುವವರು ಕಟ್ಟನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಬರುತ್ತಿದ್ದರು. ಅಲ್ಲಿ ಕಾರ್ಡನ್ನು ಆಡುವ ಪ್ರತಿ ಸಲವೂ ಅದರ ಬೆಲೆ ತೆರಬೇಕು. ಡೊಮಿನಿಯನ್‌ನಲ್ಲಿ ಹಾಗಲ್ಲ: ಬೆಲೆ ಒಮ್ಮೆ ತೆತ್ತರೆ ಆಯಿತು, ಆಮೇಲೆ ಅದು ಕೈಗೆ ಬಂದಾಗಲೆಲ್ಲ ಪುಕ್ಕಟೆ. ದುಬಾರಿ ಕಾರ್ಡಿನ ಕುರಿತ ತಂತ್ರವಿಚಾರದಲ್ಲಿ ಬಹುಪಾಲು ಈ ಒಂದು ಬದಲಾವಣೆಯಿಂದ ಹುಟ್ಟಿದ್ದು.

ಬೆಲೆಯ ಮೆಟ್ಟಿಲು

ಡೊಮಿನಿಯನ್‌ನಲ್ಲಿ ಪ್ರತಿಯೊಬ್ಬರೂ 7 ತಾಮ್ರ ಮತ್ತು 3 ಎಸ್ಟೇಟ್ ಕಾರ್ಡುಗಳಿಂದ ಶುರು ಮಾಡುತ್ತಾರೆ. ಒಂದು ಕೈಗೆ 5 ಕಾರ್ಡು. ಒಂದು ಸರದಿಗೆ ಒಂದು ಆಕ್ಷನ್ (ಏನಾದರೊಂದು ಕೆಲಸ ಮಾಡಿಸುವ ಕಾರ್ಡನ್ನು ಆಡುವುದು), ಒಂದು ಖರೀದಿ. ತಾಮ್ರದಿಂದ 1 ನಾಣ್ಯ ಸಿಗುತ್ತದೆ, ಅದರ ಬೆಲೆ ಸೊನ್ನೆ. ಬೆಳ್ಳಿಗೆ 3 ಕೊಟ್ಟರೆ ಅದು 2 ಕೊಡುತ್ತದೆ, ಚಿನ್ನಕ್ಕೆ 6 ಕೊಟ್ಟರೆ 3. ಗೆಲುವನ್ನು ನಿರ್ಧರಿಸುವ ಅಂಕಗಳಿಗೆ ಬೇರೆ ಕಾರ್ಡುಗಳಿವೆ: 2 ನಾಣ್ಯದ ಎಸ್ಟೇಟಿಗೆ 1 ಅಂಕ, 5ರ ಡಚಿಗೆ 3, 8ರ ಪ್ರಾವಿನ್ಸ್‌ಗೆ 6. ಇವುಗಳ ಜೊತೆಗೆ ಪ್ರತಿ ಆಟಕ್ಕೂ ಹತ್ತು ಬಗೆಯ ಕಾರ್ಡುಗಳನ್ನು ಆರಿಸಿ ಇಡುತ್ತಾರೆ. ಪ್ರಾವಿನ್ಸ್ ರಾಶಿ ಮುಗಿದರೆ ಅಥವಾ ಯಾವುದೇ ಮೂರು ರಾಶಿಗಳು ಖಾಲಿಯಾದರೆ ಆಟ ಮುಗಿಯಿತು.

ಉಳಿದ ನಾಣ್ಯ ಮುಂದಿನ ಸರದಿಗೆ ಬರುವುದಿಲ್ಲ ಎಂಬುದು ಇಲ್ಲಿನ ಅತ್ಯಂತ ಕಟ್ಟುನಿಟ್ಟಾದ ನಿಯಮ. ಆದ್ದರಿಂದ ಬೆಲೆಗಳು ಇಳಿಜಾರಿನಂತೆ ಏರದೆ ಮೆಟ್ಟಿಲಿನಂತೆ ಏರುತ್ತವೆ. ಮೂಲ ಪೆಟ್ಟಿಗೆಯಲ್ಲಿ 7 ಬೆಲೆಯ ಕಾರ್ಡೇ ಇಲ್ಲ. ಹಾಗಾಗಿ ಕೈಯಲ್ಲಿ 7 ನಾಣ್ಯ ಬಂದವರೂ 6 ಬಂದವರೂ ಕೊಳ್ಳುವುದು ಹೆಚ್ಚುಕಡಿಮೆ ಒಂದನ್ನೇ, ಚಿನ್ನವನ್ನು. ಇನ್ನೊಂದು ನಾಣ್ಯ ಸಿಕ್ಕಿದ್ದರೆ ಪ್ರಾವಿನ್ಸ್. ಏಳನೆಯ ನಾಣ್ಯ ವ್ಯರ್ಥ, ಎಂಟನೆಯದು ಇಡೀ ಆಟ. 1 ನಾಣ್ಯ ಕೊಡುವ ಮಾರ್ಕೆಟ್‌ನಂಥ ಕಾರ್ಡಿನ ಮಹತ್ವ ಅದು ನಿಮ್ಮ ಕೈಯನ್ನು ಯಾವ ಮೆಟ್ಟಿಲಿನಿಂದ ಯಾವುದಕ್ಕೆ ದಾಟಿಸುತ್ತದೆ ಎಂಬುದರ ಮೇಲೆ ನಿಂತಿದೆ.

4ರಿಂದ 5ಕ್ಕೆ ಇರುವ ಮೆಟ್ಟಿಲೂ ಹೀಗೆಯೇ ಎತ್ತರದ್ದು. ಲ್ಯಾಬೊರೇಟರಿ, ಮಾರ್ಕೆಟ್, ಫೆಸ್ಟಿವಲ್, ವಿಚ್ ಮೊದಲಾದ ಬಲವಾದ ಕಾರ್ಡುಗಳೆಲ್ಲ 5 ನಾಣ್ಯದವು. ಮೊದಲ ಎರಡು ಸರದಿಗಳಲ್ಲಿ ಆರಂಭದ ಹತ್ತೂ ಕಾರ್ಡುಗಳು ಒಮ್ಮೆ ಬಂದುಹೋಗುತ್ತವೆ; ಏಳು ತಾಮ್ರಗಳು ಎರಡು ಕೈಗಳಿಗೆ 4 ಮತ್ತು 3 ಎಂದು ಹಂಚಿಹೋಗುವ ಸಂಭವ 6ರಲ್ಲಿ 5, 5 ಮತ್ತು 2 ಎಂದು ಹಂಚಿಹೋಗುವುದು 6ರಲ್ಲಿ 1. ಹೀಗೆ 5 ಬಂದವರು ಮೊದಲ ಎರಡು ಸರದಿಗಳಲ್ಲೇ ವಿಚ್ ಕೊಂಡು, ಅದು ಕೈಗೆ ಬಂದಾಗಲೆಲ್ಲ ಎದುರಾಳಿಯ ಕಟ್ಟಿಗೆ ಶಾಪದ ಕಾರ್ಡು ತುಂಬಬಹುದು. ಆಗ ಇನ್ನೊಬ್ಬರ ಆಟ ಶುರುವಾಗುವ ಮೊದಲೇ ಕುಂಟತೊಡಗುತ್ತದೆ. ಅದೃಷ್ಟದ ಈ ತುಣುಕನ್ನು ಕೆಲವರು ಆಟದ ದೋಷವೆನ್ನುತ್ತಾರೆ. ಬೆಲೆ ಎಂಬುದು ಎಷ್ಟು ಬೇಗ ಎಂಬುದರ ಮೇಲೆ ಹಾಕಿದ ಬೀಗವಾಗಿದ್ದರೆ, ಒಮ್ಮೊಮ್ಮೆ ಅದು ಅಕಾಲದಲ್ಲಿ ತೆರೆದುಕೊಳ್ಳುವುದೂ ಅನಿವಾರ್ಯವೇ.

ಸರಾಸರಿಯ ಲೆಕ್ಕ

ದುಬಾರಿ ಕಾರ್ಡು ಉಳಿದವುಗಳ ಅಳತೆಗೋಲಾಗುವುದು ಹೇಗೆಂದು ತಿಳಿಯಲು ಸಣ್ಣದೊಂದು ಭಾಗಾಕಾರ ಸಾಕು. ಆರಂಭದ ಹತ್ತು ಕಾರ್ಡುಗಳಲ್ಲಿ 7 ನಾಣ್ಯ, ಅಂದರೆ ಕಾರ್ಡಿಗೆ 0.7, ಐದು ಕಾರ್ಡಿನ ಕೈಗೆ 3.5. ಪ್ರಾವಿನ್ಸ್‌ಗೆ 8 ಬೇಕು. ಐದು ಕಾರ್ಡುಗಳಲ್ಲಿ 8 ಎಂದರೆ ಕಾರ್ಡಿಗೆ 1.6. ಆಕ್ಷನ್ ಕಾರ್ಡುಗಳ ಗೊಡವೆಯೇ ಬೇಡ, ನಾಣ್ಯದ ಕಾರ್ಡುಗಳಿಂದಲೇ ಗೆಲ್ಲುತ್ತೇನೆ ಎನ್ನುವವರ ಕಟ್ಟು ಈ 1.6ನ್ನು ಮುಟ್ಟಬೇಕು. ಆ ದೃಷ್ಟಿಯಿಂದ ಬೆಳ್ಳಿಯ 2 ಸರಾಸರಿಯನ್ನು ಮೇಲೆತ್ತುತ್ತದೆ, ಚಿನ್ನದ 3 ಇನ್ನಷ್ಟು ಎತ್ತುತ್ತದೆ, ತಾಮ್ರದ 1 ಕೆಳಗೆಳೆಯುತ್ತದೆ. ಪುಕ್ಕಟೆ ಸಿಗುವ ತಾಮ್ರವನ್ನು ಬಲ್ಲವರು ಮುಟ್ಟದಿರುವುದು, ಇರುವ ತಾಮ್ರವನ್ನೂ ಕಳೆದುಕೊಳ್ಳಲು ಹವಣಿಸುವುದು ಈ ಕಾರಣಕ್ಕೆ. 8 ಬಂದರೆ ಪ್ರಾವಿನ್ಸ್, 6 ಬಂದರೆ ಚಿನ್ನ, 3 ಬಂದರೆ ಬೆಳ್ಳಿ ಎಂಬ ಈ ಸರಳ ತಂತ್ರಕ್ಕೆ ಬಿಗ್ ಮನಿ ಎಂದು ಹೆಸರು. ಅದಕ್ಕೆ ಮೂರು ಕಾರ್ಡು ಎಳೆದುಕೊಡುವ ಸ್ಮಿಥಿಯನ್ನು ಒಂದೆರಡು ಸೇರಿಸಿದರೆ ಹೊಸಬರ ಅನೇಕ ಜಾಣ ಯೋಜನೆಗಳನ್ನು ಅದು ಸದ್ದಿಲ್ಲದೆ ಸೋಲಿಸುತ್ತದೆ.

2010ರಲ್ಲಿ ಬಂದ ಪ್ರಾಸ್ಪೆರಿಟಿ ಎಂಬ ವಿಸ್ತರಣೆ ಈ ಲೆಕ್ಕವನ್ನು ಬುಡಮೇಲು ಮಾಡಿತು. ಅದರಲ್ಲಿ 9 ನಾಣ್ಯದ, 5 ನಾಣ್ಯ ಕೊಡುವ ಪ್ಲಾಟಿನಂ ಮತ್ತು 11 ನಾಣ್ಯದ, 10 ಅಂಕದ ಕಾಲೊನಿ ಇವೆ. ಇವೆರಡೂ ಮೇಜಿಗೆ ಬಂದರೆ ಒಟ್ಟಿಗೇ ಬರುತ್ತವೆ. 11ನ್ನು ಐದರಿಂದ ಭಾಗಿಸಿದರೆ 2.2. ಹಿಂದಿನ ಆಟದಲ್ಲಿ ಸರಾಸರಿಯನ್ನು ಮೇಲೆತ್ತುತ್ತಿದ್ದ ಬೆಳ್ಳಿ ಈಗ ಅದನ್ನು ಕೆಳಗೆಳೆಯುವ ಕಾರ್ಡು! ಬೆಳ್ಳಿಯ ಮೇಲಿನ ಒಂದಕ್ಷರವೂ ಬದಲಾಗಿಲ್ಲ, ಬೆಲೆ ಅದೇ 3, ಕೊಡುವುದು ಅದೇ 2. ಮೇಜಿನ ಇನ್ನೊಂದು ತುದಿಯಲ್ಲಿ 11 ಎಂದು ಬರೆದ ರಾಶಿಯೊಂದು ಬಂದು ಕುಳಿತದ್ದಕ್ಕೆ ಅದರ ಯೋಗ್ಯತೆ ಇಳಿಯಿತು. ಹಾಗೆಂದು ಅದನ್ನು ಕೊಳ್ಳುವುದೇ ಬೇಡವೆಂದಲ್ಲ. ಚಿನ್ನಕ್ಕೂ ಪ್ಲಾಟಿನಂಗೂ ಏಣಿಯಾಗಿ ಅದು ಬೇಕಾಗಬಹುದು. ಆದರೆ ಏಣಿಯನ್ನು ಮುಂದೆ ಕಟ್ಟಿನಿಂದ ತೆಗೆದುಹಾಕುವ ದಾರಿಯನ್ನೂ ಮೊದಲೇ ಯೋಚಿಸಿರಬೇಕು.

ಇದರ ಇನ್ನೊಂದು ಫಲವೆಂದರೆ ಆಟ ಉದ್ದವಾಗುವುದು. 11 ನಾಣ್ಯ ಕೂಡಿಸುವುದಕ್ಕೆ ಹೆಚ್ಚು ಸರದಿಗಳು ಬೇಕು. ಸರದಿಗಳು ಹೆಚ್ಚಿದಷ್ಟೂ ನಿಧಾನವಾಗಿ ಹದಗೊಳ್ಳುವ ಕಟ್ಟಿಗೆ ಅವಕಾಶ. ಹೆಚ್ಚುವರಿ ಆಕ್ಷನ್ ಕೊಡುವ ವಿಲೇಜ್, ಕಾರ್ಡು ಎಳೆಯುವ ಸ್ಮಿಥಿ, ಹೆಚ್ಚುವರಿ ಖರೀದಿ ಕೊಡುವ ಮಾರ್ಕೆಟ್ ಇವನ್ನೆಲ್ಲ ಹೊಂದಿಸಿ, ಪ್ರತಿ ಸರದಿಗೂ ಕಟ್ಟಿನ ಬಹುಭಾಗ ಕೈಗೆ ಬರುವಂತೆ ಮಾಡುವ ವ್ಯವಸ್ಥೆಯನ್ನು ಆಡುವವರು ಎಂಜಿನ್ ಎನ್ನುತ್ತಾರೆ. ಇಂಥ ಕಟ್ಟಿಗೆ ಐದು ಕಾರ್ಡಿನ ಸರಾಸರಿಯ ಹಂಗೇ ಇಲ್ಲ. ಕಾಲೊನಿ ಇರುವ ಮೇಜಿನಲ್ಲಿ ಎಂಜಿನ್‌ನತ್ತ ವಾಲುವುದು, ಇಲ್ಲದ ಮೇಜಿನಲ್ಲಿ ಬಿಗ್ ಮನಿಯನ್ನು ಗಂಭೀರವಾಗಿ ತೂಗಿ ನೋಡುವುದು ಪಳಗಿದವರ ರೂಢಿ.

ದುಬಾರಿಯೆಲ್ಲ ಬಲಶಾಲಿಯಲ್ಲ

ಬೆಲೆಯನ್ನು ಬಲದ ಅಳತೆಯೆಂದು ಓದುವುದು ಹೊಸಬರ ಸಾಮಾನ್ಯ ತಪ್ಪು. ಮೂಲ ಪೆಟ್ಟಿಗೆಯ ಚಾಪೆಲ್‌ಗೆ ಕೇವಲ 2 ನಾಣ್ಯ. ಕೈಯಲ್ಲಿರುವ ನಾಲ್ಕು ಕಾರ್ಡುಗಳವರೆಗೆ ಆಟದಿಂದಲೇ ಹೊರಹಾಕಲು ಬಿಡುವ ಈ ಕಾರ್ಡು, ತಾಮ್ರ ಮತ್ತು ಎಸ್ಟೇಟುಗಳನ್ನು ಕೆಲವೇ ಸರದಿಗಳಲ್ಲಿ ಗುಡಿಸಿಹಾಕಿ, ಉಳಿದ ಒಳ್ಳೆಯ ಕಾರ್ಡುಗಳು ಮತ್ತೆ ಮತ್ತೆ ಕೈಗೆ ಬರುವಂತೆ ಮಾಡುತ್ತದೆ. ಇಡೀ ಆಟದ ಅತ್ಯಂತ ಬಲವಾದ ಕಾರ್ಡುಗಳಲ್ಲಿ ಒಂದೆಂದು ಅದನ್ನು ಎಣಿಸುತ್ತಾರೆ. ಹತ್ತು ಕಾರ್ಡಿನ ಕಟ್ಟಿನಲ್ಲಿ ಒಂದು ಚಿನ್ನವಿದ್ದರೆ ಎರಡು ಸರದಿಗೊಮ್ಮೆ ಕಾಣುತ್ತದೆ, ಇಪ್ಪತ್ತೈದರ ಕಟ್ಟಿನಲ್ಲಿ ಐದು ಸರದಿಗೊಮ್ಮೆ. ದುಬಾರಿ ಕಾರ್ಡಿಗೆ ತೆತ್ತ ಬೆಲೆಯನ್ನು ವಸೂಲು ಮಾಡಿಕೊಡುವುದು ಇಂಥ ಅಗ್ಗದ ಕಾರ್ಡೇ.

ಎದುರು ಉದಾಹರಣೆ ಅಡ್ವೆಂಚರರ್. ಮೂಲ ಪೆಟ್ಟಿಗೆಯ ಮೊದಲ ಆವೃತ್ತಿಯ ಆಕ್ಷನ್ ಕಾರ್ಡುಗಳಲ್ಲಿ 6 ನಾಣ್ಯದ್ದು ಇದೊಂದೇ. ಕಟ್ಟಿನಿಂದ ನಾಣ್ಯದ ಎರಡು ಕಾರ್ಡು ಸಿಗುವವರೆಗೆ ಹುಡುಕಿ ಕೈಗೆ ತೆಗೆದುಕೊಳ್ಳಬಹುದು. ಕೇಳಲು ಚೆಂದ. ಆದರೆ ಅದೇ 6 ನಾಣ್ಯಕ್ಕೆ ಪಕ್ಕದಲ್ಲೇ ಚಿನ್ನ ಸಿಗುವಾಗ, ಆಕ್ಷನ್ ಒಂದನ್ನೂ ಖರ್ಚು ಮಾಡಿಸಿ ಬಹಳ ಸಲ ಎರಡು ತಾಮ್ರಗಳನ್ನಷ್ಟೇ ತಂದುಕೊಡುವ ಇದನ್ನು ಯಾರು ಕೊಂಡಾರು? 2016ರ ಎರಡನೆಯ ಆವೃತ್ತಿಯಲ್ಲಿ ಇದನ್ನು ಕೈಬಿಡಲಾಯಿತು. 6ರ ಜಾಗಕ್ಕೆ, 5 ನಾಣ್ಯದವರೆಗಿನ ಕಾರ್ಡೊಂದನ್ನು ನೇರವಾಗಿ ಕೈಗೇ ತಂದುಕೊಡುವ ಆರ್ಟಿಸನ್ ಬಂತು. ಅದೇ ಮೆಟ್ಟಿಲಿನಲ್ಲಿರುವ ಇನ್ನೊಂದು ಕಾರ್ಡನ್ನು ಸೋಲಿಸಲಾಗದಿದ್ದರೆ ದುಬಾರಿ ಕಾರ್ಡು ಅಲಂಕಾರಕ್ಕಷ್ಟೇ.

ಯಾವಾಗ ಕೊಳ್ಳಬೇಕು

ಡೊಮಿನಿಯನ್‌ನ ವಿಚಿತ್ರವೆಂದರೆ, ಮೂಲ ಆಟದಲ್ಲಿ ಎಲ್ಲಕ್ಕಿಂತ ದುಬಾರಿಯಾದ ಕಾರ್ಡೇ ಕಟ್ಟಿಗೆ ಹೊರೆ. ಪ್ರಾವಿನ್ಸ್ ಕೈಗೆ ಬಂದರೆ ಅದರಿಂದ ನಾಣ್ಯವಿಲ್ಲ, ಆಕ್ಷನ್ ಇಲ್ಲ. ಆಟ ಮುಗಿದ ಮೇಲಿನ ಅಂಕವಷ್ಟೇ. ಬೇಗ ಕೊಂಡರೆ ಕಟ್ಟು ಉಸಿರುಗಟ್ಟುತ್ತದೆ, ತಡವಾದರೆ ರಾಶಿ ಮುಗಿದಿರುತ್ತದೆ. ಇಬ್ಬರ ಆಟದಲ್ಲಿ ಇರುವುದು ಎಂಟೇ ಪ್ರಾವಿನ್ಸ್, ಮೂವರು ನಾಲ್ವರಿದ್ದರೆ ಹನ್ನೆರಡು. ಕಟ್ಟು ಬೆಳೆಸುವುದನ್ನು ನಿಲ್ಲಿಸಿ ಅಂಕ ಕೊಳ್ಳಲು ತಿರುಗುವ ಆ ಗಳಿಗೆಯನ್ನು ಗುರುತಿಸುವುದರಲ್ಲೇ ಆಟದ ಅರ್ಧ ಜಾಣ್ಮೆ ಇದೆ.

ನಾಣ್ಯ ಕೊಡುವ ದುಬಾರಿ ಕಾರ್ಡಿಗೂ ಕಾಲದ ಮಿತಿ ಉಂಟು. ಮೊದಲ ಎರಡು ಸರದಿಗಳಲ್ಲಿ ಕೊಂಡ ಎರಡು ಕಾರ್ಡುಗಳೊಂದಿಗೆ ಕಟ್ಟು 12 ಆಗುತ್ತದೆ. ಮೂರು ಮತ್ತು ನಾಲ್ಕನೆಯ ಸರದಿಗಳಲ್ಲಿ ಅದರಲ್ಲಿ 10 ಕಾರ್ಡುಗಳು ಕೈಗೆ ಬರುವುದರಿಂದ, ಆ ಎರಡರಲ್ಲಿ ಯಾವುದೇ ಕಾರ್ಡು ನಾಲ್ಕನೆಯ ಸರದಿಯೊಳಗೆ ಸಿಗುವ ಸಂಭವ 6ರಲ್ಲಿ 5. ಆಟ ಮುಗಿಯಲು ನಾಲ್ಕೈದು ಸರದಿ ಬಾಕಿ ಇರುವಾಗ ಕೊಂಡ ಚಿನ್ನ ಒಮ್ಮೆ ಕಂಡರೆ ಹೆಚ್ಚು. ಆ ಹೊತ್ತಿಗೆ 6 ನಾಣ್ಯ ಕೈಯಲ್ಲಿದ್ದರೂ 5ರ ಡಚಿಯನ್ನು ಕೊಳ್ಳುವುದು ಲಾಭ.

ಕೊನೆಯ ಘಟ್ಟದಲ್ಲಿ ದುಬಾರಿ ಕಾರ್ಡನ್ನು ಕೊಳ್ಳದಿರುವುದೇ ತಂತ್ರವಾಗುವುದೂ ಉಂಟು. ಎರಡೇ ಪ್ರಾವಿನ್ಸ್ ಉಳಿದಿವೆ, ನೀವು ಅಂಕದಲ್ಲಿ ಹಿಂದಿದ್ದೀರಿ, ಕೈಯಲ್ಲಿ 8 ನಾಣ್ಯವಿದೆ ಎನ್ನಿ. ಒಂದನ್ನು ಕೊಂಡರೆ ಎದುರಾಳಿ ಕೊನೆಯದನ್ನು ಕೊಂಡು ಆಟ ಮುಗಿಸಿಬಿಡಬಹುದು. ಇಬ್ಬರಿಗೂ 6 ಸೇರಿ ಹಿಂದಿದ್ದವರು ಹಿಂದೆಯೇ ಉಳಿಯುತ್ತಾರೆ. ಡಚಿ ಕೊಂಡರೆ ಅಂತರ 3ರಷ್ಟು ತಗ್ಗುತ್ತದೆ, ಅದೇ ಸಂಕಟ ಈಗ ಎದುರಾಳಿಯ ತಲೆಗೆ ಬರುತ್ತದೆ. ಹೀಗೆ ಇಬ್ಬರೂ ಪ್ರಾವಿನ್ಸನ್ನು ಮುಟ್ಟದೆ ಸರದಿಯ ಮೇಲೆ ಸರದಿ ಡಚಿ ಕೊಳ್ಳುತ್ತ ಕೂರುವುದು, ಹೊರಗಿನಿಂದ ನೋಡುವವರಿಗೆ ಪೆದ್ದುತನದಂತೆ ಕಂಡರೂ, ಆಟದ ಅತ್ಯಂತ ಬಿಗಿಯಾದ ಘಟ್ಟ.

ಬೆಲೆಯನ್ನೇ ಬಂಡವಾಳ ಮಾಡಿಕೊಳ್ಳುವುದು

ಮುಂದಿನ ವಿಸ್ತರಣೆಗಳಲ್ಲಿ ವ್ಯಾಕರಿನೊ ಬೆಲೆಯ ಸಂಖ್ಯೆಯನ್ನೇ ಆಟದ ಸಾಮಗ್ರಿ ಮಾಡಿಕೊಂಡರು. ಬೀಜ ಮೂಲ ಪೆಟ್ಟಿಗೆಯಲ್ಲೇ ಇತ್ತು: ರೀಮಾಡಲ್ ಎಂಬ ಕಾರ್ಡು ಕೈಯಲ್ಲಿರುವ ಒಂದನ್ನು ಹೊರಹಾಕಿಸಿ, ಅದಕ್ಕಿಂತ 2 ನಾಣ್ಯದವರೆಗೆ ಹೆಚ್ಚು ಬೆಲೆಯದನ್ನು ಕೊಡುತ್ತದೆ. 6ರ ಚಿನ್ನ ಕೊಟ್ಟರೆ 8ರ ಪ್ರಾವಿನ್ಸ್. ಆಟ ಮುಗಿಯುತ್ತ ಬಂದಾಗ ಚಿನ್ನದ ಉಪಯೋಗ ಅದು ಕೊಡುವ 3 ನಾಣ್ಯದಲ್ಲಿಲ್ಲ, ಅದರ ಮೂಲೆಯಲ್ಲಿ ಅಚ್ಚಾದ 6ರಲ್ಲಿದೆ. ಸೀಸೈಡ್ ವಿಸ್ತರಣೆಯ (2009) ಸಾಲ್ವೇಜರ್ ಹೊರಹಾಕಿದ ಕಾರ್ಡಿನ ಬೆಲೆಯಷ್ಟು ನಾಣ್ಯವನ್ನೇ ಕೈಗಿಡುತ್ತದೆ.

ಇವುಗಳ ಪಕ್ಕಕ್ಕೆ ಪ್ರಾಸ್ಪೆರಿಟಿಯ ಪೆಡ್ಲರ್ ಬಂದಾಗ ತಮಾಷೆ ಶುರು. ಅದರ ಬೆಲೆ 8. ಆದರೆ ಖರೀದಿಯ ಹೊತ್ತಿನಲ್ಲಿ ನೀವು ಆಡಿಟ್ಟ ಪ್ರತಿ ಆಕ್ಷನ್ ಕಾರ್ಡಿಗೆ 2ರಂತೆ ಇಳಿಯುತ್ತದೆ. ನಾಲ್ಕು ಆಕ್ಷನ್ ಆಡಿದವರಿಗೆ ಅದು ಪುಕ್ಕಟೆ. ಮುಂದೆ ಅದು ಕೈಗೆ ಬಂದಾಗ, ಆಕ್ಷನ್ ಆಡುವ ಹೊತ್ತಿನಲ್ಲಿ, ಬೆಲೆ ಮತ್ತೆ 8. ರೀಮಾಡಲ್‌ಗೆ ಕೊಟ್ಟರೆ ಪ್ರಾವಿನ್ಸ್, ಸಾಲ್ವೇಜರ್‌ಗೆ ಕೊಟ್ಟರೆ 8 ನಾಣ್ಯ. ಇದೇ ಬೆಲೆ ಎದುರಾಳಿಗೆ ಅಸ್ತ್ರವೂ ಆಗಬಹುದು. ಇನ್‌ಟ್ರೀಗ್ ವಿಸ್ತರಣೆಯ (2009) ಸ್ವಿಂಡ್ಲರ್ ಎದುರಾಳಿಯ ಕಟ್ಟಿನ ಮೇಲಿನ ಕಾರ್ಡನ್ನು ಕಿತ್ತುಹಾಕಿ, ಅಷ್ಟೇ ಬೆಲೆಯ ಬೇರೆಯದನ್ನು ನಿಮ್ಮ ಇಷ್ಟದಂತೆ ಕೊಡಿಸುತ್ತದೆ. ಮೇಲಿದ್ದದ್ದು ಪ್ರಾವಿನ್ಸ್ ಆಗಿದ್ದು, ಮೇಜಿನಲ್ಲಿ ಪೆಡ್ಲರ್ ಇದ್ದರೆ, 6 ಅಂಕ ಹೋಗಿ ಒಬ್ಬ ತಿರುಗಾಡುವ ವ್ಯಾಪಾರಿ ಉಳಿಯುತ್ತಾನೆ.

ಬೆಲೆ ಇಳಿಸುವ ತಂತ್ರದ ಪರಾಕಾಷ್ಠೆ ಎಂದರೆ ಕಿಂಗ್ಸ್ ಕೋರ್ಟ್ ಮತ್ತು ಬ್ರಿಜ್‌ಗಳ ಜೋಡಿ. 7 ನಾಣ್ಯದ ಕಿಂಗ್ಸ್ ಕೋರ್ಟ್ ಇನ್ನೊಂದು ಆಕ್ಷನ್ ಕಾರ್ಡನ್ನು ಮೂರು ಸಲ ಆಡಿಸುತ್ತದೆ. 4 ನಾಣ್ಯದ ಬ್ರಿಜ್ ಆ ಸರದಿಗೆ ಎಲ್ಲ ಕಾರ್ಡುಗಳ ಬೆಲೆಯನ್ನು 1 ಇಳಿಸಿ, 1 ನಾಣ್ಯ ಮತ್ತು 1 ಖರೀದಿಯನ್ನೂ ಕೊಡುತ್ತದೆ. ಐದು ಕಾರ್ಡಿನ ಕೈಯಲ್ಲಿ ಎರಡು ಕಿಂಗ್ಸ್ ಕೋರ್ಟ್, ಮೂರು ಬ್ರಿಜ್ ಬಂದರೆ, ಒಂದು ಕಿಂಗ್ಸ್ ಕೋರ್ಟಿನಿಂದ ಇನ್ನೊಂದನ್ನು ಮೂರು ಸಲ, ಅದರಿಂದ ಒಂದೊಂದು ಬ್ರಿಜ್ಜನ್ನೂ ಮೂರು ಸಲ, ಒಟ್ಟು ಒಂಬತ್ತು ಸಲ ಆಡಿದಂತಾಗುತ್ತದೆ. 8ರ ಪ್ರಾವಿನ್ಸ್ ಸೊನ್ನೆಗೆ ಬರುತ್ತದೆ, ಖರೀದಿಗಳು ಹತ್ತು. ಇಬ್ಬರ ಆಟದ ಎಂಟೂ ಪ್ರಾವಿನ್ಸ್‌ಗಳನ್ನು ಒಂದೇ ಸರದಿಯಲ್ಲಿ ಎತ್ತಿಕೊಂಡು ಆಟ ಮುಗಿಸಬಹುದು. ಅಲ್ಲಿಯವರೆಗೆ ಒಂದು ಅಂಕವನ್ನೂ ಕೊಳ್ಳದೆ, ಎದುರಾಳಿ ಮುಂದೆ ಮುಂದೆ ಹೋಗುವುದನ್ನು ನೋಡುತ್ತ ಕೂರುವ ಎದೆಗಾರಿಕೆ ಬೇಕು, ಅಷ್ಟೆ.

ನಾಣ್ಯವಲ್ಲದ ಬೆಲೆಗಳನ್ನೂ ವಿಸ್ತರಣೆಗಳು ತಂದವು. ಪ್ರಾಸ್ಪೆರಿಟಿಯ ಗ್ರ್ಯಾಂಡ್ ಮಾರ್ಕೆಟ್‌ಗೆ 6 ನಾಣ್ಯ ಸಾಲದು, ಆ ಸರದಿಯಲ್ಲಿ ತಾಮ್ರ ಆಡಿರಬಾರದು. ಆಲ್ಕೆಮಿಯಲ್ಲಿ (2010) ಕೆಲವು ಕಾರ್ಡುಗಳಿಗೆ ನಾಣ್ಯದ ಜೊತೆ ಪೋಶನ್ ಎಂಬ ಬೇರೆಯೇ ಕಾರ್ಡು ಬೇಕು. ಎಂಪೈರ್ಸ್ (2016) ಸಾಲವನ್ನು ತಂದಿತು. ಐದು ಕಾರ್ಡು ಎಳೆದುಕೊಡುವ ರಾಯಲ್ ಬ್ಲ್ಯಾಕ್‌ಸ್ಮಿತ್‌ನ ಬೆಲೆ 8 ಸಾಲ: ಕೈಯಲ್ಲಿ ಬಿಡಿಗಾಸಿಲ್ಲದಿದ್ದರೂ ಮೊದಲ ಸರದಿಯಲ್ಲೇ ಕೊಳ್ಳಬಹುದು, ತೀರಿಸುವವರೆಗೆ ಬೇರೇನನ್ನೂ ಕೊಳ್ಳುವಂತಿಲ್ಲ. ಮೊದಲ ಸರದಿಯಲ್ಲಿ 4, ಎರಡನೆಯದರಲ್ಲಿ 3 ಕಟ್ಟಿದರೂ 1 ಬಾಕಿ ಮೂರನೆಯದಕ್ಕೆ ಉಳಿಯುತ್ತದೆ. ದುಬಾರಿ ಕಾರ್ಡಿಗೆ ಯಾವಾಗಲೂ ಇದ್ದ ಪ್ರಶ್ನೆ, ಅದಕ್ಕಾಗಿ ಎಷ್ಟು ಸರದಿ ಕಾಯಬೇಕು ಎಂಬುದು, ಇಲ್ಲಿ ಕೊಂಡ ನಂತರಕ್ಕೆ ವರ್ಗವಾಯಿತು. ವ್ಯಾಕರಿನೊ ಅವರ ಹೊಸ ಕಲ್ಪನೆಗಳಲ್ಲಿ ಇದು ಅತ್ಯುತ್ತಮವಾದವುಗಳ ಸಾಲಿಗೆ ಸೇರುತ್ತದೆ.

ಸಾಲಾಗಿ ಹರಡಿದ ಮಾರುಕಟ್ಟೆ

ಡೊಮಿನಿಯನ್‌ನಲ್ಲಿ ಮಾರುಕಟ್ಟೆ ಮೊದಲೇ ಪೂರ್ತಿ ಕಾಣುತ್ತದೆ. 2010ರ ಅಸೆನ್ಶನ್, 2014ರ ಸ್ಟಾರ್ ರೆಲ್ಮ್ಸ್ ಮೊದಲಾದವು ಇನ್ನೊಂದು ದಾರಿ ಹಿಡಿದವು: ದೊಡ್ಡ ಸಾಮಾನ್ಯ ಕಟ್ಟೊಂದರಿಂದ ಐದಾರು ಕಾರ್ಡುಗಳನ್ನು ಸಾಲಾಗಿ ತೆರೆದಿಡುವುದು, ಒಂದನ್ನು ಕೊಂಡ ಕೂಡಲೇ ಹೊಸದೊಂದು ಆ ಜಾಗಕ್ಕೆ ಬರುವುದು. ರಾಬರ್ಟ್ ಡೋಹರ್ಟಿ ಮತ್ತು ಡಾರ್ವಿನ್ ಕ್ಯಾಸಲ್ ರೂಪಿಸಿದ ಸ್ಟಾರ್ ರೆಲ್ಮ್ಸ್‌ನಲ್ಲಿ ಸಾಲಿಗೆ ಐದು ಕಾರ್ಡು. ಆರಂಭದ ಕಟ್ಟಿನಲ್ಲಿ ತಲಾ 1 ವ್ಯಾಪಾರ (ಅಲ್ಲಿನ ಹಣ) ಕೊಡುವ ಎಂಟು ಸ್ಕೌಟ್ ಮತ್ತು ಎರಡು ವೈಪರ್ ಇರುವುದರಿಂದ ಒಂದು ಕೈಗೆ ಹೆಚ್ಚೆಂದರೆ 5 ಹುಟ್ಟುತ್ತದೆ. ಬ್ರೈನ್ ವರ್ಲ್ಡ್, ಕಮಾಂಡ್ ಶಿಪ್ ಇವುಗಳ ಬೆಲೆ 8.

ಇಲ್ಲಿ ದುಬಾರಿ ಕಾರ್ಡು ಎರಡು ಬಗೆಯ ಕೆಲಸ ಮಾಡುತ್ತದೆ. ಮೊದಲ ಸರದಿಗಳಲ್ಲಿ ಬಂದರೆ ಅದು ಸಾಲಿನಲ್ಲಿ ಸಿಕ್ಕಿಕೊಂಡ ಅಡ್ಡಿ. ಯಾರಿಂದಲೂ ಕೊಳ್ಳಲಾಗದು, ಹೊಸ ಕಾರ್ಡಿಗೆ ಜಾಗ ಸಿಗದು. ಅಂಥವು ಎರಡು ಮೂರು ಸೇರಿದರೆ, ಯಾವಾಗಲೂ 2ಕ್ಕೆ ಸಿಗುವ ಎಕ್ಸ್‌ಪ್ಲೋರರ್‌ಗಳನ್ನು ಕೊಳ್ಳದೆ ಗತಿಯಿಲ್ಲ. ನಡುಘಟ್ಟದಲ್ಲಿ ಅದೇ ಕಾರ್ಡು ಪೈಪೋಟಿಯ ಸರಕಾಗುತ್ತದೆ. ಡೊಮಿನಿಯನ್‌ನಲ್ಲಿ ನೀವು ಲ್ಯಾಬೊರೇಟರಿ ಕೊಂಡರೆ ಎದುರಾಳಿಗೆ ಇನ್ನೂ ಒಂಬತ್ತು ಉಳಿದಿರುತ್ತವೆ. ಇಲ್ಲಿ ಕಮಾಂಡ್ ಶಿಪ್ ಹೋದರೆ ಹೋಯಿತು. ಆದ್ದರಿಂದ ತಮಗೆ ಅಷ್ಟಾಗಿ ಹೊಂದದ ಕಾರ್ಡನ್ನೂ ಎದುರಾಳಿಗೆ ಸಿಗಬಾರದೆಂದು ಕೊಳ್ಳುವುದುಂಟು. ಈ ಹಟ ಅತಿಯಾದರೆ ಕಟ್ಟು ಚೆಲ್ಲಾಪಿಲ್ಲಿಯಾಗುತ್ತದೆ. ಎದುರಾಳಿಯ ಅಧಿಕಾರದ 50 ಅಂಕಗಳನ್ನು ಸೊನ್ನೆಗಿಳಿಸಿದವರೇ ಗೆಲ್ಲುವ ಆಟದಲ್ಲಿ, ದುಬಾರಿ ನೌಕೆಗಾಗಿ ವ್ಯಾಪಾರದ ಕಾರ್ಡುಗಳನ್ನು ಪೇರಿಸುತ್ತ ಕೂತವರು ಅದು ಕೈಗೆ ಬರುವ ಮೊದಲೇ ಅಗ್ಗದ ನೌಕೆಗಳ ದಾಳಿಗೆ ಸೋಲುವುದು ಹೊಸತೇನಲ್ಲ.

ಪಾಲ್ ಡೆನನ್ ಅವರ ಡ್ಯೂನ್: ಇಂಪೀರಿಯಂ (2020) ಸಾಲಿನ ಮಾರುಕಟ್ಟೆಯ ಪಕ್ಕದಲ್ಲೇ 9 ಬೆಲೆಯ ಕಾರ್ಡಿನ ಸ್ಥಿರ ರಾಶಿಯೊಂದನ್ನು ಇಟ್ಟಿತು. ಕೊಂಡ ಕೂಡಲೇ 1 ಗೆಲುವಿನಂಕ ಸಿಗುವುದರಿಂದ, ಕೊನೆಯಲ್ಲಿ ದುಬಾರಿ ಕಾರ್ಡು ಕಟ್ಟಿಗೆ ಸೇರಿ ಮತ್ತೆ ಬರುವವರೆಗೆ ಕಾಯುವ ತೊಂದರೆ ಅಲ್ಲಿಲ್ಲ.

ಪ್ರತಿ ಸಲವೂ ತೆರುವ ಬೆಲೆ

ಸಿಯಾಟಲ್‌ನ ಮೆಗಾ ಕ್ರಿಟ್ ಸಂಸ್ಥೆಗಾಗಿ ಆಂಥನಿ ಜಿಯೊವನೆಟಿ ಮತ್ತು ಕೇಸಿ ಯಾನೊ ರೂಪಿಸಿದ ಸ್ಲೇ ದ ಸ್ಪೈರ್ ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಆಟ. 2017ರಲ್ಲಿ ಅಪೂರ್ಣ ರೂಪದಲ್ಲಿ ಮಾರಾಟಕ್ಕೆ ಬಂದು, 2019ರ ಜನವರಿಯಲ್ಲಿ ಪೂರ್ಣಗೊಂಡಿತು. ಕಟ್ಟನ್ನು ಬೆಳೆಸುವ ರೀತಿ ಡೊಮಿನಿಯನ್‌ನದು, ಬೆಲೆಯ ರೀತಿ ಮ್ಯಾಜಿಕ್‌ನದು. ಪ್ರತಿ ಕಾದಾಟದ ನಂತರ ಮೂರು ಕಾರ್ಡುಗಳಲ್ಲಿ ಒಂದನ್ನು ಪುಕ್ಕಟೆ ಆರಿಸಬಹುದು, ಬಿಡಲೂಬಹುದು. ಆದರೆ ಆಡುವಾಗ ಪ್ರತಿ ಸಲವೂ ಶಕ್ತಿಯ ಬೆಲೆ ತೆರಬೇಕು. ಸರದಿಗೆ ಸಿಗುವುದು 3 ಶಕ್ತಿ, 5 ಕಾರ್ಡು.

ಐರನ್‌ಕ್ಲಾಡ್ ಎಂಬ ಪಾತ್ರದ ಬ್ಲಜನ್ ಕಾರ್ಡಿಗೆ 3 ಶಕ್ತಿ. ಅದರ ಒಂದೇಟಿಗೆ 32 ಹಾನಿ. ಶುರುವಿನ ಸ್ಟ್ರೈಕ್ ಕಾರ್ಡಿಗೆ 1 ಶಕ್ತಿ, 6 ಹಾನಿ. ಮೂರು ಆಡಿದರೂ 18. ಲೆಕ್ಕದಲ್ಲಿ ಬ್ಲಜನ್ ಬಹಳ ಮೇಲು. ಆದರೆ ಅದನ್ನು ಆಡಿದ ಸರದಿಯಲ್ಲಿ ರಕ್ಷಣೆಗೆ ಬಿಡಿಕಾಸು ಶಕ್ತಿಯೂ ಉಳಿಯುವುದಿಲ್ಲ, ಕೈಯಲ್ಲಿರುವ ಉಳಿದ ನಾಲ್ಕು ಕಾರ್ಡುಗಳು ವ್ಯರ್ಥ. ಎರಡು ದುಬಾರಿ ಕಾರ್ಡು ಒಂದೇ ಕೈಗೆ ಬಂದರೆ ಒಂದನ್ನು ಎಸೆಯಲೇಬೇಕು. ಡೀಮನ್ ಫಾರ್ಮ್‌ಗೂ 3 ಶಕ್ತಿ. ಅದು ಮುಂದಿನ ಪ್ರತಿ ಸರದಿಗೂ ಏಟಿನ ಬಲವನ್ನು 2ರಂತೆ ಏರಿಸುತ್ತ ಹೋಗುತ್ತದೆ. ದೀರ್ಘ ಕಾದಾಟದಲ್ಲಿ ಅದು ವರ, ಮೂರು ಸರದಿಯಲ್ಲಿ ಮುಗಿಯುವ ಜಗಳದಲ್ಲಿ ಕೈಸುಟ್ಟುಕೊಂಡಂತೆ. ಹಾಗಾಗಿ ಸರದಿಗೆ ಒಂದು ಶಕ್ತಿ ಹೆಚ್ಚಿಸುವ ರೆಲಿಕ್ (ಆಟದುದ್ದಕ್ಕೂ ಜೊತೆಗಿರುವ ವಸ್ತು) ಸಿಕ್ಕಿದೆಯೇ ಇಲ್ಲವೇ ಎಂಬುದನ್ನು ನೋಡಿಯೇ ದುಬಾರಿ ಕಾರ್ಡನ್ನು ಆರಿಸುತ್ತಾರೆ.

ಸ್ನೆಕೊ ಐ ಎಂಬ ರೆಲಿಕ್ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ದೊಡ್ಡ ಶತ್ರುವನ್ನು ಸೋಲಿಸಿದ ಮೇಲೆ ಸಿಗಬಹುದಾದ ಇದು ಸರದಿಗೆ ಎರಡು ಕಾರ್ಡು ಹೆಚ್ಚಾಗಿ ಕೊಡುತ್ತದೆ, ಆದರೆ ಕೈಗೆ ಬರುವ ಕಾರ್ಡುಗಳ ಬೆಲೆಯನ್ನು 0ಯಿಂದ 3ರವರೆಗೆ ಮನಬಂದಂತೆ ಬದಲಿಸುತ್ತದೆ. ಸರಾಸರಿ 1.5. ಬ್ಲಜನ್‌ನ ಬೆಲೆ ಅರ್ಧಕ್ಕಿಳಿಯಿತು. ಡಿಫೆಕ್ಟ್ ಎಂಬ ಪಾತ್ರದ 5 ಶಕ್ತಿಯ ಮೀಟಿಯರ್ ಸ್ಟ್ರೈಕ್ ಮೂರನೆಯ ಒಂದಂಶಕ್ಕಿಂತ ಕೆಳಗಿಳಿಯಿತು. ಸೊನ್ನೆ ಬೆಲೆಯ ಕಾರ್ಡುಗಳೇ ಈಗ ದುಬಾರಿ. ಅದುವರೆಗೆ ಅಂಥ ಅಗ್ಗದ ಕಾರ್ಡುಗಳನ್ನು ಜೋಪಾನವಾಗಿ ಕೂಡಿಸಿದ್ದವರು ಸ್ನೆಕೊ ಐಯನ್ನು ಬಿಟ್ಟು ಬೇರೆ ರೆಲಿಕ್ ಆರಿಸುತ್ತಾರೆ. ಅದನ್ನೇ ಆರಿಸಿದರೆ, ಅಂಗಡಿಯಲ್ಲಿ ಮೊದಲ ಸಲಕ್ಕೆ 75 ಚಿನ್ನ, ಆಮೇಲೆ ಸಲಕ್ಕೆ 25ರಂತೆ ಹೆಚ್ಚು ತೆತ್ತು ಆ ಅಗ್ಗದ ಕಾರ್ಡುಗಳನ್ನು ಕಟ್ಟಿನಿಂದ ತೆಗೆಸಬೇಕಾಗುತ್ತದೆ.